ಕೋಬೊಟೂಲ್‌ಬಾಕ್ಸ್: ಹಳ್ಳಿ ಸರ್ವೆಗೆ ಹೊರಟ ವಿದ್ಯಾರ್ಥಿಗಳಿಗೆ ಇದು ಸಾಕೇ?

ಎನ್‌ಎಸ್‌ಎಸ್ ವಿಶೇಷ ಶಿಬಿರವಾಗಲಿ, ಕಾಲೇಜುಗಳು ಹಳ್ಳಿಗಳ ಜತೆ ಕೆಲಸ ಮಾಡುವ ಉನ್ನತ ಭಾರತ ಅಭಿಯಾನವಾಗಲಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪದವಿಗೆ ತೋರಿಸಬೇಕಾದ 100 ಆ್ಯಕ್ಟಿವಿಟಿ ಪಾಯಿಂಟ್ ಆಗಲಿ, ಹಳ್ಳಿಗೆ ಹೋದ ತಂಡ ಸಾಮಾನ್ಯವಾಗಿ ಮೊದಲು ಕೈಹಾಕುವುದು ಮನೆಮನೆ ಸರ್ವೆಗೆ. ಮುಂದೆ ಮಾಡುವ ಆ್ಯಪ್, ನೀರಿನ ಸೆನ್ಸರ್, ಗ್ರಂಥಾಲಯದ ಕಂಪ್ಯೂಟರ್ ಎಲ್ಲವೂ ಈ ಸರ್ವೆ ಹೇಳಿದ ಮಾತಿನ ಮೇಲೇ ನಿಲ್ಲುತ್ತವೆ. ಹಾಗಿದ್ದೂ ಅತಿ ಕಡಿಮೆ ಗಮನ ಸಿಗುವುದು ಇದಕ್ಕೇ. ಗಡಿಬಿಡಿಯಲ್ಲಿ ಗೂಗಲ್ ಫಾರ್ಮ್ ಮಾಡಿಕೊಂಡು ಹೊರಟರೆ, ನೆಟ್‌ವರ್ಕ್ ಇಲ್ಲದ ಕೇರಿಯಲ್ಲಿ ಕೆಲಸ ನಿಲ್ಲುತ್ತದೆ. ಜಿಪಿಎಸ್ ಹಿಡಿಯಲು ಅದರಲ್ಲಿ ವ್ಯವಸ್ಥೆ ಇಲ್ಲ. ಒಂದು ಮನೆಯೊಳಗಿನ ಆರು ಜನರ ವಿವರ ಬರೆಯಲು ಅದೇ ಪ್ರಶ್ನೆಗಳನ್ನು ಆರು ಸಲ ನಕಲು ಮಾಡಬೇಕು. ಈ ಮೂರೂ ಕೊರತೆ ತುಂಬುವ ಸಾಧನ ಕೋಬೊಟೂಲ್‌ಬಾಕ್ಸ್.

ಇದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಾನವೀಯ ನೆರವಿನ ಅಧ್ಯಯನ ಕೇಂದ್ರದಲ್ಲಿ ಬೆಳೆದದ್ದು, ಈಗ ಲಾಭರಹಿತ ಸಂಸ್ಥೆಯೊಂದರ ಕೈಯಲ್ಲಿದೆ. ಫೋನಿನಲ್ಲಿ ಓಡುವ ಕೋಬೊಕಲೆಕ್ಟ್ ಆ್ಯಪ್‌ನ ಮೂಲ ಓಡಿಕೆ (ಓಪನ್ ಡೇಟಾ ಕಿಟ್) ಕಲೆಕ್ಟ್ ಎಂಬ ಆ್ಯಪ್. ಆ ಓಡಿಕೆ 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಗೇಟಾನೊ ಬೊರಿಯೆಲ್ಲೊ ಮತ್ತು ಅವರ ಸಂಶೋಧನಾ ವಿದ್ಯಾರ್ಥಿಗಳು ಶುರುಮಾಡಿದ ಕೆಲಸ. ಅಂದರೆ ಇದರ ಬೇರೂ ವಿದ್ಯಾರ್ಥಿಗಳ ಪ್ರಾಜೆಕ್ಟಿನಲ್ಲೇ ಇದೆ.

ಬಳಸುವ ಕ್ರಮ ಸರಳ. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಖಾತೆ ತೆರೆದು, ಪ್ರಶ್ನೆಗಳನ್ನು ಅಲ್ಲೇ ಜೋಡಿಸಬಹುದು, ಅಥವಾ ಎಕ್ಸೆಲ್ ಹಾಳೆಯಲ್ಲಿ ಬರೆದು ಏರಿಸಬಹುದು. ಫಾರ್ಮನ್ನು ಬಳಕೆಗೆ ಬಿಡುವ ಡಿಪ್ಲಾಯ್ ಗುಂಡಿ ಒತ್ತಿದ ಮೇಲೆ ಆಂಡ್ರಾಯ್ಡ್ ಫೋನಿನಲ್ಲಿ ಕೋಬೊಕಲೆಕ್ಟ್ ಹಾಕಿ, ಸರ್ವರ್ ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು ಫಾರ್ಮ್ ಇಳಿಸಿಕೊಳ್ಳಬೇಕು. ಇಂಟರ್ನೆಟ್ ಬೇಕಾಗುವುದು ಫಾರ್ಮ್ ಇಳಿಸುವಾಗ ಮತ್ತು ತುಂಬಿದ್ದನ್ನು ಕಳಿಸುವಾಗ ಮಾತ್ರ. ನಡುವೆ ಇಡೀ ದಿನ ಫೋನು ಏರ್‌ಪ್ಲೇನ್ ಮೋಡಿನಲ್ಲಿದ್ದರೂ ಕೆಲಸ ಸಾಗುತ್ತದೆ. ಐಫೋನಿಗೆ ಈ ಆ್ಯಪ್ ಇಲ್ಲ. ಅಂಥವರು ಬ್ರೌಸರ್‌ನ ವೆಬ್ ಫಾರ್ಮ್ ಬಳಸಬೇಕು. ಅದನ್ನು ಒಮ್ಮೆ ನೆಟ್ ಇರುವ ಕಡೆ ತೆರೆದಿಟ್ಟುಕೊಂಡರೆ ಆಮೇಲೆ ಆಫ್‌ಲೈನ್‌ನಲ್ಲೂ ತುಂಬಬಹುದು.

ಮೊದಲ ದಿನವೇ ಎಡವುವ ಜಾಗ ಸರ್ವರ್. ಗ್ಲೋಬಲ್ ಮತ್ತು ಯೂರೋಪಿಯನ್ ಎಂದು ಎರಡಿವೆ, ಒಂದರ ಖಾತೆ ಇನ್ನೊಂದರಲ್ಲಿ ನಡೆಯುವುದಿಲ್ಲ. ಪಾಸ್‌ವರ್ಡ್ ಸರಿಯಿದ್ದೂ ಲಾಗಿನ್ ಆಗದಿದ್ದರೆ ಮೊದಲು ಈ ವಿಳಾಸವನ್ನೇ ನೋಡಿ. ಹತ್ತು ಫೋನಿಗೂ ಒಂದೇ ಖಾತೆ ಕೊಡುವುದು ರೂಢಿ, ಕೊಡಬಹುದು. ಆದರೆ ಆಗ ಯಾವ ಮನೆಯನ್ನು ಯಾರು ಮಾಡಿದರು ಎಂಬುದು ದಾಖಲಾಗುವುದಿಲ್ಲ. ಫಾರ್ಮಿನ ಶುರುವಿನಲ್ಲೇ ‘ಸರ್ವೆ ಮಾಡುವವರ ಕೋಡ್’ ಎಂಬ ಪ್ರಶ್ನೆ ಇರಲಿ.

ಇನ್ನು ಕನ್ನಡ. ಪ್ರಶ್ನೆ, ಆಯ್ಕೆ, ಸೂಚನೆ, ತಪ್ಪು ಉತ್ತರಕ್ಕೆ ಬರುವ ಎಚ್ಚರಿಕೆ ಎಲ್ಲವನ್ನೂ ಕನ್ನಡದಲ್ಲಿ ಬರೆಯಬಹುದು, ಫೋನಿನಲ್ಲಿ ಒತ್ತಕ್ಷರ ಸಹಿತ ಸರಿಯಾಗಿ ಮೂಡುತ್ತದೆ. ಎಕ್ಸೆಲ್‌ನಲ್ಲಿ ಎರಡು ಭಾಷೆ ಇಡುವುದಾದರೆ ಪ್ರಶ್ನೆಯ ಅಂಕಣಕ್ಕೂ ಸೂಚನೆಯ ಅಂಕಣಕ್ಕೂ ಭಾಷೆಯ ಹೆಸರನ್ನು ಒಂದೇ ರೀತಿ ಬರೆಯಬೇಕು. ಒಂದು ಕಡೆ ಭಾಷೆ ಹೇಳಿ ಇನ್ನೊಂದು ಕಡೆ ಬಿಟ್ಟರೆ, ಪರದೆಯಲ್ಲಿ ಪ್ರಶ್ನೆಯ ಜಾಗದಲ್ಲಿ ಬರೀ ಒಂದು ಅಡ್ಡಗೆರೆ ಕಾಣಿಸುತ್ತದೆ. ಆಯ್ಕೆಗಳ ಒಳಹೆಸರು (ಪರದೆಯಲ್ಲಿ ಕಾಣದೆ, ಮಾಹಿತಿಯಲ್ಲಿ ದಾಖಲಾಗುವ ಹೆಸರು) ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಖಾಲಿ ಜಾಗವಿಲ್ಲದೆ ಇರಲಿ. ಒಂದಕ್ಕಿಂತ ಹೆಚ್ಚು ಉತ್ತರ ಆರಿಸುವ ಪ್ರಶ್ನೆಯಲ್ಲಿ ಆ ಖಾಲಿ ಜಾಗವೇ ಉತ್ತರಗಳನ್ನು ಬೇರ್ಪಡಿಸುವ ಗುರುತು.

ನಿಜವಾದ ತೊಡಕು ಬರುವುದು ಊರು, ಕೇರಿಗಳ ಪಟ್ಟಿಯನ್ನು ಕಚೇರಿಯಿಂದ ಪಡೆದಾಗ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಹಾಗೇ ಅಂಟಿಸಿದರೆ ಆಯ್ಕೆಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಆಸ್ಕಿಯಿಂದ (ಆ ಹಳೆಯ ಫಾಂಟುಗಳ ಸಂಕೇತ) ಈಗಿನ ಫೋನುಗಳು ಓದುವ ಯುನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಅರ್ಕಾವೊತ್ತು ಇರುವ ಹೆಸರುಗಳನ್ನು ಒಂದೊಂದಾಗಿ ಕಣ್ಣಿನಲ್ಲಿ ನೋಡಿ, ಆಮೇಲೆ ಸೇರಿಸಿ. ಊರಿನ ಹೆಸರನ್ನು ಕೈಯಲ್ಲಿ ಟೈಪ್ ಮಾಡಿಸುವ ಗೋಜಿಗೆ ಮಾತ್ರ ಹೋಗಬೇಡಿ. ಹೊಸಹಳ್ಳಿ, ಹೊಸಳ್ಳಿ, ಹೊಸಹಳ್ಳಿ ಕಾಲೋನಿ ಎಂದು ಒಂದೇ ಊರು ಮೂರಾಗುತ್ತದೆ. ಪಂಚಾಯಿತಿ ಆರಿಸಿದರೆ ಅದರ ಹಳ್ಳಿಗಳು ಮಾತ್ರ ಕಾಣುವಂತೆ ಮಾಡಲು ಎಕ್ಸೆಲ್ ದಾರಿಯೇ ಬೇಕು, ಬ್ರೌಸರ್‌ನ ಜೋಡಣೆಯಲ್ಲಿ ಅದು ಸಲೀಸಲ್ಲ.

ಪ್ರಶ್ನೆ ಬರೆಯುವುದರಲ್ಲೇ ಸರ್ವೆಯ ಹಣೆಬರಹ ಇರುವುದು. ಇದನ್ನು ಜಮೀನಿನ ಪ್ರಶ್ನೆಯೊಂದರಲ್ಲೇ ಬಿಡಿಸಿ ನೋಡಬಹುದು. ‘ಜಮೀನು ಎಷ್ಟಿದೆ?’ ಎಂದು ಕೇಳಿ, ಉತ್ತರಕ್ಕೆ ದಶಮಾಂಶದ ಒಂದು ಖಾನೆ ಇಡುತ್ತಾರೆ. ರೈತ ‘ಎರಡು ಎಕರೆ ಇಪ್ಪತ್ತು ಗುಂಟೆ’ ಅನ್ನುತ್ತಾರೆ. ಪಹಣಿಯಲ್ಲೂ ಹಾಗೇ ಇರುತ್ತದೆ. ವಿದ್ಯಾರ್ಥಿ 2.20 ಎಂದು ಒತ್ತುತ್ತಾರೆ. ಲೆಕ್ಕ ಹಾಕುವಾಗ ಅದು 2.2 ಎಕರೆ. ಆದರೆ ಒಂದು ಎಕರೆಗೆ 40 ಗುಂಟೆ, ಹಾಗಾಗಿ ಅದು ಎರಡೂವರೆ ಎಕರೆ ಆಗಬೇಕಿತ್ತು. ಸಣ್ಣ ಹಿಡುವಳಿದಾರರಿಗೆ ಇನ್ನೂ ಅನ್ಯಾಯ: 30 ಗುಂಟೆ ಇರುವವರದು 0.30 ಎಂದು ಹೋಗುತ್ತದೆ, ನಿಜಕ್ಕೆ ಅದು 0.75 ಎಕರೆ. ಅರ್ಧಕ್ಕಿಂತ ಹೆಚ್ಚು ಭೂಮಿ ಕಾಗದದ ಮೇಲೆ ಮಾಯ. ಆಮೇಲೆ ತಿದ್ದೋಣ ಎಂದರೂ ಆಗದು, ಯಾಕೆಂದರೆ 2.2 ಎಂದಿದ್ದರೆ ಅದು ಇಪ್ಪತ್ತು ಗುಂಟೆಯೋ ಎರಡು ಗುಂಟೆಯೋ ಯಾರಿಗೂ ಗೊತ್ತಾಗುವುದಿಲ್ಲ.

ಪರಿಹಾರ ಕೋಬೊದಲ್ಲೇ ಇದೆ. ಎಕರೆಗೆ ಒಂದು, ಗುಂಟೆಗೆ ಒಂದು, ಹೀಗೆ ಪೂರ್ಣಾಂಕದ ಎರಡು ಪ್ರಶ್ನೆ ಇಡಿ. ಗುಂಟೆಗೆ 0ರಿಂದ 39ರವರೆಗಿನ ಮಿತಿ ಹಾಕಿ, ‘ಗುಂಟೆ 39 ದಾಟಬಾರದು, ಎಕರೆಗೆ ಸೇರಿಸಿ’ ಎಂಬ ಎಚ್ಚರಿಕೆ ಕನ್ನಡದಲ್ಲಿ ಬರೆಯಿರಿ. ಮೂರನೆಯದು ಲೆಕ್ಕದ ಸಾಲು: ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿಸಬೇಕು. ಇಲ್ಲಿ ಭಾಗಾಕಾರಕ್ಕೆ ಎಕ್ಸೆಲ್‌ನಂತೆ ಓರೆಗೆರೆ ನಡೆಯುವುದಿಲ್ಲ, ಡಿ-ಐ-ವಿ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆಯಬೇಕು. ಎರಡರಲ್ಲಿ ಒಂದು ಖಾನೆ ಖಾಲಿ ಉಳಿದರೂ ಮೊತ್ತ ಬರುವುದಿಲ್ಲ, ಆದ್ದರಿಂದ ಎರಡನ್ನೂ ಕಡ್ಡಾಯ ಮಾಡಿ, ಇಲ್ಲದಿದ್ದರೆ 0 ಒತ್ತಿ ಎಂದು ಸೂಚನೆ ಕೊಡಿ.

ಇದೇ ಎಚ್ಚರ ಉಳಿದ ಅಳತೆಗಳಿಗೂ ಬೇಕು. ಬೋರ್‌ವೆಲ್ ಆಳ ಅಡಿಯಲ್ಲಿ, ನೀರು ಇಂಚಿನಲ್ಲಿ ಹೇಳುತ್ತಾರೆ. ಟೊಮೆಟೊ ಬಾಕ್ಸಿನ ಲೆಕ್ಕ, ರಾಗಿ ಕ್ವಿಂಟಲ್ ಅಥವಾ ಮೂಟೆ. ಜನ ಹೇಳುವ ಅಳತೆಯಲ್ಲೇ ಬರೆದುಕೊಂಡು, ಅಳತೆ ಯಾವುದು ಎಂದು ಪಕ್ಕದಲ್ಲಿ ಆರಿಸಿ, ಪರಿವರ್ತನೆಯನ್ನು ಯಂತ್ರಕ್ಕೆ ಬಿಡಿ. ಹೊಸ್ತಿಲಲ್ಲಿ ನಿಂತು ಮನಸ್ಸಿನಲ್ಲೇ ಗುಣಿಸಿ ಬರೆದದ್ದು ನಂಬಲು ಬರುವುದಿಲ್ಲ.

‘ಕುಟುಂಬ’ ಅಂದರೆ ಏನು ಎಂಬುದನ್ನೂ ಹೊರಡುವ ಮೊದಲೇ ತೀರ್ಮಾನಿಸಿ. ಒಂದೇ ಸೂರಿನಡಿ ಅಣ್ಣತಮ್ಮಂದಿರ ಎರಡು ಒಲೆ ಉರಿಯುತ್ತಿರುತ್ತವೆ, ರೇಷನ್ ಕಾರ್ಡು ಮೂರಿರಬಹುದು. ಒಂದು ಒಲೆಗೆ ಒಂದು ಫಾರ್ಮ್ ಎಂಬ ನಿಯಮ ಹಿಡಿದರೆ ಲೆಕ್ಕ ಕಲಸಿಹೋಗದು. ಶೌಚಾಲಯದ ಬಗ್ಗೆ ‘ಇದೆಯಾ?’ ಬೇರೆ, ‘ಈಗ ಬಳಸ್ತಾ ಇದ್ದೀರಾ?’ ಬೇರೆ. ಮೊದಲನೆಯದಕ್ಕೆ ಹೌದು ಅಂದರೆ ಮಾತ್ರ ಎರಡನೆಯದು ತೆರೆಯುವಂತೆ ಸ್ಕಿಪ್ ಲಾಜಿಕ್ ಹಾಕಬಹುದು. ಪ್ರಶ್ನೆಯ ಭಾಷೆ ಬಾಯಿಮಾತಿನದೇ ಇರಲಿ. ‘ಕುಡಿಯುವ ನೀರಿನ ಲಭ್ಯತೆಯ ಆವರ್ತನ’ ಎಂದು ಓದಿದರೆ ಎದುರಿಗಿರುವ ಅಜ್ಜಿ ಮಗನ ಮುಖ ನೋಡುತ್ತಾರೆ. ‘ನಲ್ಲೀಲಿ ನೀರು ಎಷ್ಟು ದಿನಕ್ಕೊಂದ್ಸಲ ಬರುತ್ತೆ?’ ಎಂದರೆ ‘ದಿನಾ ಬಿಟ್ಟು ದಿನ’ ಎಂಬ ಉತ್ತರ ತಕ್ಷಣ ಬರುತ್ತದೆ. ಆ ಮಾತೇ ಆಯ್ಕೆಗಳಲ್ಲೂ ಇರಬೇಕು.

ಒಟ್ಟು ಪ್ರಶ್ನೆ 30ರ ಒಳಗಿರಲಿ. ಒಬ್ಬರು ಮುಖ ನೋಡಿ ಮಾತಾಡಲಿ, ಇನ್ನೊಬ್ಬರು ಒತ್ತಲಿ. ಇಬ್ಬರ ಜೋಡಿಯೇ ಸರಿ, ಐದು ಜನ ಗುಂಪಾಗಿ ಹೋದರೆ ಮನೆಯವರು ಮುದುಡುತ್ತಾರೆ.

ಜಿಪಿಎಸ್ ಚೆನ್ನಾಗಿದೆ, ತಾಳ್ಮೆ ಬೇಡುತ್ತದೆ. ಅಳತೆಯ ತಪ್ಪು 5 ಮೀಟರಿಗೆ ಇಳಿದ ಕೂಡಲೇ ಆ್ಯಪ್ ತಾನೇ ಒಪ್ಪಿಕೊಳ್ಳುತ್ತದೆ. ಆದರೆ ಹೆಂಚಿನಡಿ ಅಥವಾ ತಗಡಿನ ಶೀಟಿನಡಿ ಕುಳಿತರೆ ಅದು ಇಳಿಯುವುದೇ ಇಲ್ಲ. ಡೇಟಾ ಇಲ್ಲದ ಫೋನಿಗೆ ದಿನದ ಮೊದಲ ಸಲ ಉಪಗ್ರಹ ಹಿಡಿಯಲು ಕೆಲವು ನಿಮಿಷ ಬೇಕು. ಈ ಪ್ರಶ್ನೆಯನ್ನು ಫಾರ್ಮಿನ ಕೊನೆಗಿಟ್ಟು, ಹೊರಗೆ ಅಂಗಳಕ್ಕೆ ಬಂದು ಆಕಾಶ ಕಾಣುವ ಕಡೆ ನಿಂತು ತೆಗೆಯುವುದು ಒಳ್ಳೆಯದು. ಫೋಟೊ ಬೇಕಿದ್ದರೆ ಗರಿಷ್ಠ ಪಿಕ್ಸೆಲ್ 1024 ಎಂದು ಮಿತಿ ಹಾಕಿ. ಹಾಕದಿದ್ದರೆ 4 ಎಂಬಿಯ ಚಿತ್ರಗಳು ಮನೆಗೆ ಎರಡರಂತೆ 300 ಮನೆಗೆ 2.4 ಜಿಬಿ ಆಗುತ್ತವೆ. ಉಚಿತ ಖಾತೆಯ ಜಾಗಕ್ಕೆ ಮಿತಿ ಇದೆ, ಹಳ್ಳಿಯ ನೆಟ್ಟಿನಲ್ಲಿ ಅಷ್ಟು ಏರುವುದೂ ಇಲ್ಲ.

ಸಂಜೆಯ ತಪಾಸಣೆ ಬಿಡಲೇಬೇಡಿ. ಡ್ರಾಫ್ಟ್ ಆಗಿ ಉಳಿದ ಫಾರ್ಮು ಸರ್ವರ್‌ಗೆ ಹೋಗುವುದಿಲ್ಲ, ಪೂರ್ಣಗೊಳಿಸಿ ‘ಕಳಿಸಲು ಸಿದ್ಧ’ ಪಟ್ಟಿಗೆ ಬಂದದ್ದು ಮಾತ್ರ ಹೋಗುತ್ತದೆ. ಕಳಿಸುವ ಮೊದಲು ಆ್ಯಪ್ ತೆಗೆದುಹಾಕಿದರೆ ಅಷ್ಟೂ ಮನೆಗಳ ಮಾಹಿತಿ ಹೋದಂತೆಯೇ. ಹಾಗಾಗಿ ಪ್ರತಿ ಸಂಜೆ ಫೋನುವಾರು ಎಷ್ಟು ಮನೆ ಆಯಿತು, ಸರ್ವರ್‌ನಲ್ಲಿ ಎಷ್ಟು ಬಂದಿದೆ ಎಂದು ಹಾಳೆಯಲ್ಲಿ ತಾಳೆ ನೋಡಿ. ಫಾರ್ಮಿನ ಆರಂಭ ಮತ್ತು ಅಂತ್ಯದ ಸಮಯ ತಾನಾಗಿ ದಾಖಲಾಗುವಂತೆ ಮಾಡಬಹುದು. 30 ಪ್ರಶ್ನೆಯ ಫಾರ್ಮು 3 ನಿಮಿಷದಲ್ಲಿ ಮುಗಿದಿದ್ದರೆ ಅದು ಮರದ ಕೆಳಗೆ ಕೂತು ತುಂಬಿದ್ದು, ಆ ಮನೆಗೆ ಮತ್ತೆ ಹೋಗಬೇಕು. ಸರ್ವೆ ನಡುವೆ ಪ್ರಶ್ನೆ ತಿದ್ದಿ ಮರು ಡಿಪ್ಲಾಯ್ ಮಾಡಿದರೆ, ಹೊಸದನ್ನು ಇಳಿಸಿಕೊಳ್ಳದ ಫೋನುಗಳು ಹಳೆಯದನ್ನೇ ತುಂಬುತ್ತಿರುತ್ತವೆ. ಪ್ರಶ್ನೆಯ ಒಳಹೆಸರು ಬದಲಾಗಿದ್ದರೆ ಒಂದೇ ಪ್ರಶ್ನೆಯ ಉತ್ತರ ಎರಡು ಅಂಕಣಕ್ಕೆ ಒಡೆಯುತ್ತದೆ. ಹತ್ತು ಮನೆಯಲ್ಲಿ ಪರೀಕ್ಷೆ ಮಾಡಿ, ತಿದ್ದಿ, ಆಮೇಲೆ ಬೀಗ ಹಾಕಿ.

ಕೋಬೊ ಅಂಕ ಕಳೆದುಕೊಳ್ಳುವುದು ಮಾಹಿತಿ ಹೊರತೆಗೆಯುವ ಹಂತದಲ್ಲಿ. ಸಿಎಸ್‌ವಿ (ಬರೀ ಪಠ್ಯದ ಕೋಷ್ಟಕ ಕಡತ) ಇಳಿಸಿದರೆ ಅಂಕಣಗಳ ನಡುವೆ ಅರ್ಧವಿರಾಮ (;) ಇರುತ್ತದೆ, ನಮ್ಮ ಕಡೆಯ ಎಕ್ಸೆಲ್ ಅದನ್ನೆಲ್ಲ ಒಂದೇ ಅಂಕಣದಲ್ಲಿ ಸುರಿದುಬಿಡುತ್ತದೆ. ಎಕ್ಸೆಲ್ ಕಡತವಾಗಿಯೇ ಇಳಿಸಿಕೊಳ್ಳಿ. ಮನೆಯ ಸದಸ್ಯರ ವಿವರದಂತೆ ಒಬ್ಬೊಬ್ಬರಿಗೂ ಮರುಕಳಿಸುವ ಪ್ರಶ್ನೆಗಳ ಗುಂಪಿನ ಉತ್ತರಗಳು ಎರಡನೇ ಹಾಳೆಗೆ ಹೋಗುತ್ತವೆ. ಮೊದಲ ಹಾಳೆಯ ಸಾಲು ಎಣಿಸಿದರೆ ಸಿಗುವುದು ಮನೆಗಳ ಸಂಖ್ಯೆ, ಎರಡನೆಯದರಲ್ಲಿ ಜನರ ಸಂಖ್ಯೆ. ಎರಡನ್ನೂ ಬೆಸೆಯಲು ಪೇರೆಂಟ್ ಇಂಡೆಕ್ಸ್ ಅಂಕಣವನ್ನು ಮೊದಲ ಹಾಳೆಯ ಇಂಡೆಕ್ಸ್ ಜತೆ ಎಕ್ಸೆಲ್‌ನ ವಿ-ಲುಕಪ್ ಸೂತ್ರದಿಂದ ಹೊಂದಿಸಬೇಕು. ಇದು ತಿಳಿಯದೆ ಜನಸಂಖ್ಯೆಯ ಜಾಗದಲ್ಲಿ ಮನೆಗಳ ಸಂಖ್ಯೆ ಬರೆದ ವರದಿಗಳು ಹುಟ್ಟುತ್ತವೆ. ಕೋಬೊದ ಸ್ವಂತ ಗ್ರಾಫುಗಳು ಮೊದಲ ನೋಟಕ್ಕೆ ಸಾಕು, ವರದಿಗೆ ಸಾಲವು.

ನಮ್ಮ ಅಂಕ ಐದಕ್ಕೆ ನಾಲ್ಕು. ಸ್ವಂತ ಸರ್ವರ್ ನಡೆಸುವ ಶಕ್ತಿ ಇರುವ ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೆ ಓಡಿಕೆಯದೇ ಸರ್ವರ್ ತಂತ್ರಾಂಶವಾದ ಓಡಿಕೆ ಸೆಂಟ್ರಲ್ ಇನ್ನೂ ಒಳ್ಳೆಯದು. ಹತ್ತೇ ಪ್ರಶ್ನೆಯ ಚಿಕ್ಕ ಕೆಲಸಕ್ಕೆ ಎಪಿಕಲೆಕ್ಟ್5 ಎಂಬ ಇನ್ನೊಂದು ಸರ್ವೆ ಆ್ಯಪ್ ಸಾಕು. ಉಳಿದವರಿಗೆ ಕೋಬೊ. ಖಾತೆಯನ್ನು ಮಾತ್ರ ಅಂತಿಮ ವರ್ಷದ ವಿದ್ಯಾರ್ಥಿಯ ಸ್ವಂತ ಇಮೇಲಿನಲ್ಲಿ ತೆರೆಯಬೇಡಿ, ಅವರು ಕೆಲಸಕ್ಕೆ ಹೋದ ದಿನ ಪಾಸ್‌ವರ್ಡೂ ಹೋಗುತ್ತದೆ. ವಿಭಾಗದ ಹೆಸರಿನಲ್ಲಿ ಇರಲಿ.

ಸಾಧನ ಎಷ್ಟು ಕೇಳಿದರೂ ಕೊಡುತ್ತದೆ ಎಂದು ಎಲ್ಲವನ್ನೂ ಕೇಳಬಾರದು. ಆಧಾರ್ ಸಂಖ್ಯೆ ವಿದ್ಯಾರ್ಥಿ ಸರ್ವೆಗೆ ಬೇಕಾಗುವ ಸಂದರ್ಭವೇ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೊತ್ತಿನಲ್ಲಂತೂ ಒಪ್ಪಿಗೆ ಕೇಳುವುದು ಮೊದಲ ಪ್ರಶ್ನೆಯೇ ಆಗಬೇಕು: ಯಾವ ಕಾಲೇಜು, ಯಾಕೆ ಕೇಳುತ್ತಿದ್ದೇವೆ, ಯಾರಿಗೆ ತೋರಿಸುತ್ತೇವೆ, ಬೇಡ ಅನ್ನಬಹುದು. ಬೇಡ ಅಂದರೆ ಫಾರ್ಮು ಅಲ್ಲಿಗೇ ಮುಗಿಯುವಂತೆ ಕಟ್ಟಿ.

ಫಲಿತಾಂಶ ಮೊದಲು ತಲುಪಬೇಕಾದದ್ದು ಊರಿಗೆ. ಸರ್ಕಾರಿ ಯೋಜನೆಗಳ ಹೆಸರಿನ ನಲವತ್ತು ಪುಟ ಬೇಡ. ನೀರು, ಚರಂಡಿ, ಬೀದಿದೀಪ, ಶಾಲೆ ಬಿಟ್ಟ ಮಕ್ಕಳು, ಹೀಗೆ ಕೇರಿವಾರು ಎಣಿಕೆ ಇರುವ ಒಂದು ಹಾಳೆ ಮಾಡಿ, ಗ್ರಾಮಸಭೆಗೆ ಮುಂಚೆ ಪಿಡಿಒ ಮತ್ತು ಸದಸ್ಯರ ಕೈಗೆ ಕೊಡಿ, ಸಭೆಯಲ್ಲಿ ಗಟ್ಟಿಯಾಗಿ ಓದಿ. ಒಂದು ಕೇರಿಯಲ್ಲಿ ಐದಕ್ಕಿಂತ ಕಡಿಮೆ ಮನೆಗಳಿದ್ದರೆ ಪಕ್ಕದ ಕೇರಿಯ ಜತೆ ಸೇರಿಸಿ ತೋರಿಸಿ, ಇಲ್ಲದಿದ್ದರೆ ಯಾರ ಮನೆ ಎಂದು ಎಲ್ಲರಿಗೂ ತಿಳಿದುಬಿಡುತ್ತದೆ. ಮನೆಗಳ ಜಿಪಿಎಸ್ ಬಿಂದುಗಳಿರುವ ನಕ್ಷೆಯನ್ನು ಗೋಡೆಗೂ ಅಂಟಿಸಬೇಡಿ, ಜಾಲತಾಣಕ್ಕೂ ಹಾಕಬೇಡಿ. ವರದಿ ಕೊಟ್ಟ ಮೇಲೆ ಹೆಸರು, ಫೋನ್ ನಂಬರ್ ಅಂಕಣ ಅಳಿಸಿದ ಒಂದು ಪ್ರತಿ ವಿಭಾಗದಲ್ಲಿ ಉಳಿಸಿಕೊಂಡು, ಸರ್ವರ್‌ನಲ್ಲಿರುವುದನ್ನೂ ಹತ್ತೂ ಫೋನುಗಳಲ್ಲಿ ಉಳಿದ ಕಳಿಸಿದ ಫಾರ್ಮುಗಳನ್ನೂ ಅಳಿಸಿಹಾಕಿ.