ಮೂರು ಪೋರ್ಟ್ರೇಟ್ ಲೆನ್ಸ್, ಒಂದೇ ಮುಖ

ಗೋಡೆಗೆ ಪತ್ರಿಕೆಯ ಹಾಳೆ ಅಂಟಿಸಿ, ಅದರ ಮೂಲೆಯ ಅಕ್ಷರಗಳು ಎಷ್ಟು ಸ್ಪಷ್ಟವಾಗಿ ಬಂದಿವೆ ಎಂದು ನೋಡಿ ಲೆನ್ಸಿಗೆ ಅಂಕ ಕೊಡುವ ಅಭ್ಯಾಸ ನನಗೂ ಇತ್ತು. ಭಾವಚಿತ್ರದ ಲೆನ್ಸ್ ಆರಿಸುವಾಗ ಆ ಪರೀಕ್ಷೆ ಹೆಚ್ಚು ನೆರವಾಗುವುದಿಲ್ಲ. ಮುಖವು ಗೋಡೆಯಂತೆ ಚಪ್ಪಟೆಯಲ್ಲ, ಮೂಲೆಗಳಲ್ಲಿ ಇರುವುದು ಹೇಗಿದ್ದರೂ ಮಸುಕಾದ ಹಿನ್ನೆಲೆ. ಆದ್ದರಿಂದ ಈ ಬಾರಿ ನಿಕಾನ್‌ನ 50 ಎಂಎಂ ಎಫ್/1.8ಜಿ, 85 ಎಂಎಂ ಎಫ್/1.8ಜಿ ಮತ್ತು 85 ಎಂಎಂ ಎಫ್/1.4ಜಿ ಲೆನ್ಸ್‌ಗಳನ್ನು ಒಂದೇ ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾಕ್ಕೆ ಹಾಕಿ, ಕಿಟಕಿಯ ಬೆಳಕಿನಲ್ಲಿ ಒಂದೇ ಮುಖದ ಚಿತ್ರ ತೆಗೆದು, ಕಣ್ರೆಪ್ಪೆಯ ಕೂದಲನ್ನೇ ಅಳತೆಗೋಲಾಗಿ ಇಟ್ಟುಕೊಂಡೆ. ಮೊದಲೆರಡು ನನ್ನವು, ಮೂರನೆಯದು ಸ್ನೇಹಿತನಿಂದ ಎರವಲು ತಂದದ್ದು. ಇಲ್ಲಿ ಎಂಎಂ ಸಂಖ್ಯೆ ಹೆಚ್ಚಿದಷ್ಟೂ ಲೆನ್ಸ್ ನೋಡುವ ಕೋನ ಕಿರಿದು; ಎಫ್ ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಬಿಡುವ ಕಿಂಡಿ, ಅಂದರೆ ಅಪರ್ಚರ್, ದೊಡ್ಡದು.

50 ಎಂಎಂ ಲೆನ್ಸಿನ ತೂಕ ಕೇವಲ 185 ಗ್ರಾಂ, ಬೆಲೆಯೂ ಮೂರರಲ್ಲಿ ಅತಿ ಕಡಿಮೆ. ಅಪರ್ಚರನ್ನು ಎಫ್/2.8ಕ್ಕೆ ಕಿರಿದಾಗಿಸಿದರೆ ಅದರ ಸ್ಪಷ್ಟತೆಯಲ್ಲಿ ದೂರುವಂಥದ್ದೇನೂ ಕಾಣಲಿಲ್ಲ. ತೊಡಕು ಇರುವುದು ದೂರದಲ್ಲಿ. 85 ಎಂಎಂನಲ್ಲಿ ಒಂದೂವರೆ ಮೀಟರ್ ದೂರ ನಿಂತು ತುಂಬಿಸಿದ ಮುಖವನ್ನು ಇದರಲ್ಲಿ ಅಷ್ಟೇ ದೊಡ್ಡದಾಗಿ ತುಂಬಿಸಲು ಸುಮಾರು 90 ಸೆಂಟಿಮೀಟರ್‌ವರೆಗೆ ಹತ್ತಿರ ಹೋಗಬೇಕು. ಆಗ ಮೂಗು ಮುಂದೆ ಬಂದು ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ಎಷ್ಟು ಶಾರ್ಪ್ ಆಗಿದ್ದರೂ ಆ ಮುಖವನ್ನು ಅದರ ಒಡೆಯರು ಮೆಚ್ಚುವುದು ಕಷ್ಟ. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರ್‌ನ ಕ್ಯಾಮೆರಾ ಇರುವವರ ಮಾತು ಬೇರೆ. ಅಲ್ಲಿ ಇದು ಫುಲ್ ಫ್ರೇಮ್‌ನ 75 ಎಂಎಂ ಲೆನ್ಸಿನಷ್ಟೇ ಕೋನವನ್ನು ನೋಡುವುದರಿಂದ ಹಿಂದೆ ಸರಿದು ನಿಲ್ಲಬಹುದು.

ನಿಜವಾದ ಪೈಪೋಟಿ ಎರಡು 85ಗಳ ನಡುವೆ. ಟ್ರೈಪಾಡ್ ಮೇಲಿಟ್ಟು, ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ) ಹಿಗ್ಗಿಸಿ, ಕೈಯಿಂದಲೇ ಫೋಕಸ್ ಮಾಡಿ ತೆಗೆದ ಎಫ್/2.8ರ ಚಿತ್ರಗಳನ್ನು ನೂರು ಪ್ರತಿಶತ ಗಾತ್ರದಲ್ಲಿ ಅಕ್ಕಪಕ್ಕ ಇಟ್ಟು ನೋಡಿದಾಗ, ಯಾವುದು ಯಾವ ಲೆನ್ಸಿನದೆಂದು ಫೈಲಿನ ಮಾಹಿತಿ ತೆರೆಯದೆ ಹೇಳಲಾಗಲಿಲ್ಲ. ಎಫ್/1.8ರಲ್ಲಿ 1.4ರ ಲೆನ್ಸ್ ಕಾಂಟ್ರಾಸ್ಟ್‌ನಲ್ಲಿ ಕೂದಲೆಳೆಯಷ್ಟು ಮುಂದಿತ್ತು ಎಂದು ನನಗೆ ಅನ್ನಿಸಿತು, ಆದರೆ ಪ್ರಿಂಟ್‌ನಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ. ಎರಡರಲ್ಲೂ ಪೂರ್ತಿ ತೆರೆದಾಗ ಫೋಕಸ್‌ಗೆ ಮುಂದಿನ ಕೂದಲಂಚಿಗೆ ನೇರಳೆ, ಹಿಂದಿನದಕ್ಕೆ ಹಸಿರು ಛಾಯೆ ಬರುತ್ತದೆ. ದೊಡ್ಡ ಅಪರ್ಚರ್‌ನ ಲೆನ್ಸ್‌ಗಳಲ್ಲಿ ಇದು ಸಾಮಾನ್ಯ.

ಟ್ರೈಪಾಡ್ ಬಿಟ್ಟು ಕೈಯಲ್ಲಿ ಹಿಡಿದಾಗ ಲೆಕ್ಕವೇ ಬದಲಾಯಿತು. ಒಂದೂವರೆ ಮೀಟರ್ ದೂರದಲ್ಲಿ 85 ಎಂಎಂ ಲೆನ್ಸಿಗೆ ಎಫ್/1.8ರಲ್ಲಿ ಸಿಗುವ ಸ್ಪಷ್ಟತೆಯ ಆಳ ಸುಮಾರು ಮೂರು ಸೆಂಟಿಮೀಟರ್, ಎಫ್/1.4ರಲ್ಲಿ ಎರಡೂವರೆ. ಎದುರಿಗಿದ್ದವರು ಉಸಿರೆಳೆದು ತುಸು ಮುಂದೆ ಬಾಗಿದರೂ ಸಾಕು, ರೆಪ್ಪೆಯ ಮೇಲಿದ್ದ ಫೋಕಸ್ ಕಿವಿಯ ಕಡೆಗೆ ಜಾರುತ್ತದೆ. 1.4ರಲ್ಲಿ ನಾನು ಮೊದಲ ದಿನ ತೆಗೆದ ಚಿತ್ರಗಳಲ್ಲಿ ಅರ್ಧಕ್ಕರ್ಧ ಹೀಗೆ ಕೆಟ್ಟವು, ಮತ್ತು ನಾಚಿಕೆಯಿಲ್ಲದೆ ಹೇಳುವುದಾದರೆ, ಆ ಸಂಜೆಯೆಲ್ಲ ತಪ್ಪನ್ನು ಗಾಜಿನ ಮೇಲೆಯೇ ಹೊರಿಸಿದ್ದೆ. ಮಾರನೆಯ ದಿನ ನಡು ಬಿಂದುವಿನಿಂದ ಫೋಕಸ್ ಮಾಡಿ ಚೌಕಟ್ಟು ಸರಿಸುವುದನ್ನು ಬಿಟ್ಟು, ಕಣ್ಣಿನ ಮೇಲೆಯೇ ಬಿಂದುವನ್ನು ಇಟ್ಟ ಮೇಲೆ ಕೆಟ್ಟ ಚಿತ್ರಗಳು ಬಹಳ ಕಡಿಮೆಯಾದವು.

ಹಾಗಾದರೆ ಹೆಚ್ಚುವರಿ ಹಣ ಯಾವುದಕ್ಕೆ? ಬಿಡುಗಡೆಯ ಬೆಲೆಗಳನ್ನು ಹೋಲಿಸಿದರೆ 1.4ರದು ಮೂರು ಪಟ್ಟಿಗೂ ಹೆಚ್ಚು. ತೂಕ 350 ಗ್ರಾಂ ಬದಲು 595. ಅದಕ್ಕೆ ಸಿಗುವುದು ಮೂರನೇ ಎರಡರಷ್ಟು ಸ್ಟಾಪ್ ಹೆಚ್ಚು ಬೆಳಕು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವಷ್ಟು) ಮತ್ತು ಹಿನ್ನೆಲೆಯ ದೀಪಗಳು ಇನ್ನಷ್ಟು ನಯವಾಗಿ ಕರಗುವ ಚಂದ. ಸಂಜೆಗತ್ತಲಲ್ಲಿ ಮದುವೆಯ ಚಿತ್ರ ತೆಗೆಯುವವರಿಗೆ ಅದು ದುಬಾರಿಯಲ್ಲ. ಹಗಲಿನ ಬೆಳಕಿನಲ್ಲಿ ಎಫ್/2.8ರ ಸುತ್ತಮುತ್ತಲೇ ಕೆಲಸ ಮಾಡುವ ನಾನು ಎರವಲು ಲೆನ್ಸನ್ನು ಹಿಂದಿರುಗಿಸಿ, 1.8ರಲ್ಲೇ ಮುಂದುವರಿದಿದ್ದೇನೆ.