ಹಾಡುವ ಹಾಳೆಯ ಸಂಚಿಕೆ: ನ್ಯಾಷನಲ್ ಜಿಯೋಗ್ರಾಫಿಕ್, ಜನವರಿ 1979

ಹಳೆಯ ನ್ಯಾಷನಲ್ ಜಿಯೋಗ್ರಾಫಿಕ್ ಕೂಡಿಡುವವರ ಕಣ್ಣು ಮೊದಲು ಹೋಗುವುದು ಮುಖಪುಟದ ಹಳದಿ ಚೌಕಟ್ಟಿನ ಕಡೆಗೆ. ಆದರೆ ಹಣ ಕೊಡುವ ಮೊದಲು ನೋಡಬೇಕಾದದ್ದು, ಸಂಚಿಕೆಯೊಂದಿಗೆ ಬಂದಿದ್ದ ನಕ್ಷೆಯೋ ಬಿಡಿ ಹಾಳೆಯೋ ಇನ್ನೂ ಒಳಗಿದೆಯೇ ಎಂಬುದನ್ನು. ಇದು ನನಗೆ ತಡವಾಗಿ ತಿಳಿದದ್ದರಿಂದ 1979ರ ಜನವರಿ ಸಂಚಿಕೆಯನ್ನು ಎರಡು ಸಲ ಕೊಳ್ಳಬೇಕಾಯಿತು.

ಈ ಸಂಚಿಕೆಯಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳ ಕುರಿತು ಸಾಗರ ವಿಜ್ಞಾನಿ ಸಿಲ್ವಿಯಾ ಅರ್ಲ್ ಮತ್ತು ತಿಮಿಂಗಿಲಗಳ ಹಾಡಿನ ಸಂಶೋಧಕ ರೋಜರ್ ಪೇನ್ ಅವರ ಲೇಖನಗಳಿವೆ. ಅವುಗಳ ಜೊತೆಗೆ ತಿಮಿಂಗಿಲಗಳ ಹಾಡನ್ನೇ ಅಚ್ಚೊತ್ತಿದ, ಬಾಗಿಸಬಹುದಾದಷ್ಟು ತೆಳುವಾದ ಪ್ಲಾಸ್ಟಿಕ್ ಗ್ರಾಮಫೋನ್ ರೆಕಾರ್ಡನ್ನು ಪುಟಗಳ ನಡುವೆ ಸೇರಿಸಲಾಗಿತ್ತು. ಒಂದೇ ಬಾರಿಗೆ ಸುಮಾರು 1.05 ಕೋಟಿ ಪ್ರತಿಗಳನ್ನು ಅಚ್ಚು ಹಾಕಿಸಿದ ರೆಕಾರ್ಡ್ ಇದು. ಓದುಗರು ಕೇಳಲೆಂದೇ ಅದನ್ನು ಹರಿದು ತೆಗೆದರು, ಕೇಳಿದ ಮೇಲೆ ಎಲ್ಲೋ ಇಟ್ಟು ಮರೆತರು. ಹಾಗಾಗಿ ಸಂಚಿಕೆ ಸುಲಭವಾಗಿ ಸಿಗುತ್ತದೆ, ಹಾಡು ಸಿಗುವುದಿಲ್ಲ. ನನ್ನ ಮೊದಲ ಪ್ರತಿಯನ್ನು ಮಾರಿದ ಅಂಗಡಿಯವರು ‘ಎಲ್ಲ ಪುಟವೂ ಇದೆ ಸಾರ್’ ಎಂದಿದ್ದರು. ಅವರು ಹೇಳಿದ್ದು ನಿಜವೇ. ರೆಕಾರ್ಡಿಗೆ ಪುಟಸಂಖ್ಯೆ ಇರಲಿಲ್ಲ, ಅಷ್ಟೆ.

ಲೇಖನಗಳ ಪೈಕಿ ಪೇನ್ ಅವರದ್ದು ಇಂದಿಗೂ ಮಾಸಿಲ್ಲ. ಒಂದು ಪ್ರದೇಶದ ತಿಮಿಂಗಿಲಗಳೆಲ್ಲ ಒಂದು ಋತುವಿನಲ್ಲಿ ಹೆಚ್ಚುಕಡಿಮೆ ಒಂದೇ ಹಾಡನ್ನು ಹಾಡುತ್ತವೆ, ವರ್ಷದಿಂದ ವರ್ಷಕ್ಕೆ ಆ ಹಾಡು ಸ್ವಲ್ಪಸ್ವಲ್ಪವಾಗಿ ಬದಲಾಗುತ್ತ ಹೋಗುತ್ತದೆ ಎಂಬ ಸಂಗತಿಯನ್ನು ಓದಿ, ಕೂಡಲೇ ಕಿವಿಯಾರೆ ಕೇಳಲು ಸಾಧ್ಯವಾಗಿಸಿದ್ದು ಈ ಸಂಚಿಕೆಯ ಹೆಚ್ಚುಗಾರಿಕೆ. ಉಳಿದ ಲೇಖನಗಳನ್ನು ನಾನು ಪುಟ ತಿರುವಿ ನೋಡಿದೆನಷ್ಟೆ.

ಕಾಗದ ನುಣುಪು ಲೇಪನದ್ದು, ತೂಕದ್ದು. ಒಮ್ಮೆ ನೀರು ತಗುಲಿ ಒಣಗಿತೆಂದರೆ ಪುಟಗಳು ಇಟ್ಟಿಗೆಯಂತೆ ಅಂಟಿಕೊಳ್ಳುತ್ತವೆ, ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಇದನ್ನು ಗೋಡೆಗೆ ತಾಗಿಸಿ ಇಡಬಾರದು. ಬೆಲೆ ಏರುತ್ತದೆಂಬ ಆಸೆಯಿಂದ ಕೊಳ್ಳುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ, ಏಕೆಂದರೆ ಕೋಟಿ ಮೀರಿ ಹಂಚಿಕೆಯಾದ, ಯಾರೂ ರದ್ದಿಗೆ ಹಾಕಲು ಮನಸ್ಸು ಮಾಡದ ಪತ್ರಿಕೆ ಇದು.

ರೆಕಾರ್ಡ್ ಸಮೇತವಾದ ಎರಡನೆಯ ಪ್ರತಿಗೆ ಮೊದಲನೆಯದರ ಮೂರರಷ್ಟು ಹಣ ತೆತ್ತೆ, ಬೇಸರವಿಲ್ಲ. ಪ್ಲೇಯರಿನ ಮೇಲೆ ಹಾಳೆ ಜಾರದಂತೆ ಲೇಬಲ್ಲಿನ ಬಳಿ ಒಂದು ರೂಪಾಯಿಯ ನಾಣ್ಯ ಇಡಬೇಕಾಯಿತು. ಮುಳ್ಳು ಕರಕರ ಎನ್ನುತ್ತದೆ, ಆ ಸದ್ದಿನ ಹಿಂದಿನಿಂದ ತಿಮಿಂಗಿಲದ ದನಿ ಸ್ಪಷ್ಟವಾಗಿಯೇ ಕೇಳುತ್ತದೆ.