ಕೆಳಗಿಳಿಸಿದ ಕಾರಿಗೆ ವೀಲ್ ಅಲೈನ್‌ಮೆಂಟ್: ಶಿವಮೊಗ್ಗದ ಒಂದು ಶೆಡ್ಡಿನ ಬಗ್ಗೆ

ಶಿವಮೊಗ್ಗದಲ್ಲಿ ವೀಲ್ ಅಲೈನ್‌ಮೆಂಟ್ ಮಾಡುವ ಅಂಗಡಿಗಳಿಗೆ ಬರವಿಲ್ಲ. ಸಾಗರ ರಸ್ತೆಯಲ್ಲಿ ಇವೆ, ಬಿ.ಎಚ್. ರಸ್ತೆಯಲ್ಲೂ ಇವೆ. ಸ್ವಿಫ್ಟ್, ಬೊಲೆರೊ, ಇನ್ನೋವಾ ಇಟ್ಟುಕೊಂಡವರು ಯಾವುದಕ್ಕೆ ಹೋದರೂ ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ನನ್ನ ಕಾರು ಆ ಪೈಕಿಯದಲ್ಲ. ಎರಡನೇ ತಲೆಮಾರಿನ ಆಡಿ ಟಿಟಿ ಕೂಪೆ, 18 ಅಂಗುಲದ ಚಕ್ರಗಳು, 245/40 ಅಳತೆಯ ಟೈರುಗಳು, ಮೂಲ ಎತ್ತರಕ್ಕಿಂತ 30 ಮಿ.ಮೀ. ಕೆಳಗೆ ಕೂರಿಸುವ ಸ್ಪ್ರಿಂಗುಗಳು. ಸ್ಪ್ರಿಂಗು ಹಾಕಿಸಿದವರು ಬೆಂಗಳೂರಿನ ಹಿಂದಿನ ಮಾಲೀಕರು, ನಾನು ತೆಗೆಸಲಿಲ್ಲ. ತೀರ್ಥಹಳ್ಳಿ ಕಡೆಯ ಹಂಪುಗಳನ್ನು ನೋಡಿಯೂ ಯಾಕೆ ತೆಗೆಸಲಿಲ್ಲ ಎಂದು ಮನೆಯಲ್ಲಿ ಕೇಳುತ್ತಾರೆ. ಉತ್ತರ ಮಂಡಗದ್ದೆಯ ತಿರುವುಗಳಲ್ಲಿದೆ, ಆದರೆ ಕೇಳುವವರು ಆ ಕಾರಿನಲ್ಲಿ ಕೂರುವುದಿಲ್ಲ.

ನಾನು ಹೇಳಹೊರಟಿರುವುದು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನೊಳಗಿನ ಒಂದು ಶೆಡ್ಡಿನ ಬಗ್ಗೆ. ಹೆಸರು ಬರೆಯಬೇಡಿ ಎಂದು ಮೇಸ್ತ್ರಿಯವರೇ ಹೇಳಿದ್ದಾರೆ. ಇಂಥ ಒಂದು ಕಾರು ಬಂದರೆ ಅರ್ಧ ದಿನ ಹಿಡಿಯುತ್ತದೆ, ನಾಲ್ಕು ಬಂದು ಸಾಲುಗಟ್ಟಿದರೆ ದಿನವೂ ಬರುವ ಟ್ಯಾಕ್ಸಿಯವರು ಬೇರೆ ಕಡೆ ಹೋಗುತ್ತಾರೆ ಎಂಬುದು ಅವರ ಲೆಕ್ಕ. ಕಾಂಪ್ಲೆಕ್ಸಿನೊಳಗೆ ಹೋಗಿ ‘ಹಿಂದಿನ ಚಕ್ರವನ್ನೂ ಮಾಡುವವರು ಎಲ್ಲಿ’ ಎಂದು ಕೇಳಿದರೆ ತೋರಿಸುತ್ತಾರೆ. ಆ ಪ್ರಶ್ನೆಯೇ ವಿಳಾಸ.

ನಾನು ಮೋಜಣಿದಾರ. ಹದ್ದುಬಸ್ತು, ಪೋಡಿ ಎಂದು ಜೀವನವಿಡೀ ತೋಟ–ಗದ್ದೆಗಳ ಕೋನ ಅಳೆದವನು. ಒಂದು ಡಿಗ್ರಿಗೆ 60 ನಿಮಿಷ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಳತೆಯ ಹಾಳೆ ಕೈಗೆ ಬಂದರೆ ಕೊನೆಯ ಸಾಲಿನವರೆಗೆ ಓದುವುದು ರೂಢಿ. ದೊಡ್ಡ ನಗರವೊಂದರ ಹವಾನಿಯಂತ್ರಿತ ಅಂಗಡಿಯಲ್ಲಿ ‘ಎಲ್ಲವೂ ಹಸಿರು ಬಂದಿದೆ ಸರ್’, ಅಂದರೆ ಎಲ್ಲ ಅಂಕಿಗಳೂ ಮಿತಿಯೊಳಗಿವೆ, ಎಂದು ಹಾಳೆ ಕೊಟ್ಟಾಗಲೂ ಓದಿದೆ. ಮೇಲೆ ಬರೆದಿದ್ದ ಕಾರಿನ ಹೆಸರು ನನ್ನದಲ್ಲ, ಅದೇ ಕಂಪನಿಯ ಬೇರೊಂದು ಸೆಡಾನ್‌ನದು. ಹಿಂದಿನ ಚಕ್ರಗಳ ಸಾಲಿನಲ್ಲಿ ‘ಮೊದಲು’ ಮತ್ತು ‘ನಂತರ’ದ ಅಂಕಿಗಳು ಒಂದೇ ಆಗಿದ್ದವು, ಅಂದರೆ ಹಿಂದೆ ಯಾರೂ ಪಾನಾ ಹಿಡಿದಿರಲಿಲ್ಲ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಬಲಕ್ಕೆ ವಾಲಿಯೇ ಇತ್ತು. ಹೇಳಿದ್ದಕ್ಕೆ, ಸ್ಟೀರಿಂಗ್ ಚಕ್ರವನ್ನೇ ಬಿಚ್ಚಿ ನೇರವಾಗಿ ಕೂರಿಸಿ ಕೊಡುತ್ತೇವೆ ಎಂದರು. ಬಾಂದು ಕಲ್ಲು ತಪ್ಪಿದ್ದರೆ ನಕ್ಷೆಯನ್ನೇ ತಿದ್ದಿಬಿಡೋಣ ಎನ್ನುವ ಜನರನ್ನು ನಾನು ವೃತ್ತಿಯಲ್ಲಿ ಸಾಕಷ್ಟು ನೋಡಿದ್ದೇನೆ. ಹಣ ಕೊಟ್ಟು ಹೊರಟೆ.

ಕಾರನ್ನು ಕೆಳಗಿಳಿಸಿದಾಗ ಏನಾಗುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು, ಏಕೆಂದರೆ ಬಹುಪಾಲು ಅಂಗಡಿಗಳವರು ಇದನ್ನು ಬರೀ ಎತ್ತರದ ವಿಷಯ ಎಂದುಕೊಂಡಿದ್ದಾರೆ. ಚಕ್ರವನ್ನು ಹಿಡಿದಿರುವ ತೋಳುಗಳು ಕಂಪನಿ ಇಟ್ಟ ಕೋನದಲ್ಲಿ ಇರುವುದಿಲ್ಲ. ಟಿಟಿಯ ಹಿಂಭಾಗದಲ್ಲಿ ಒಂದೊಂದು ಚಕ್ರಕ್ಕೂ ನಾಲ್ಕು ತೋಳುಗಳಿವೆ. ಕಾರು ಕುಸಿದಷ್ಟೂ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಇದು ಕ್ಯಾಂಬರ್. ಜೊತೆಗೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗುತ್ತದೆ, ಇದು ಟೋ. ಟೈರಿನ ಒಳ ಅಂಚು ಸವೆದರೆ ಎಲ್ಲರೂ ಕ್ಯಾಂಬರನ್ನು ಬೈಯುತ್ತಾರೆ. ನನ್ನ ಅನುಭವದಲ್ಲಿ ಟೈರು ತಿನ್ನುವುದು ಹೆಚ್ಚಾಗಿ ಟೋ. ವಾಲಿದ ಚಕ್ರ ಉರುಳುತ್ತಲೇ ಹೋಗುತ್ತದೆ. ಓರೆಯಾದ ಚಕ್ರ ಪ್ರತಿ ಮೀಟರಿಗೂ ಸ್ವಲ್ಪ ಉಜ್ಜಿಕೊಂಡು ಹೋಗುತ್ತದೆ. ಎರಡೂ ಸೇರಿದರೆ ಉಜ್ಜುವುದೆಲ್ಲ ಒಳ ಅಂಚಿನ ಮೇಲೆಯೇ ಬೀಳುತ್ತದೆ. ನನ್ನ ಬಲ ಹಿಂದಿನ ಟೈರಿನ ಒಳ ಅಂಚಿನಲ್ಲಿ ತಂತಿ ಕಾಣಲು ಇನ್ನು ಸ್ವಲ್ಪವೇ ಬಾಕಿ ಇತ್ತು, ಹೊರಗಿನಿಂದ ನೋಡಿದರೆ ಹೊಸದರಂತೆ ಹೊಳೆಯುತ್ತಿತ್ತು.

ಶೆಡ್ಡಿನಲ್ಲಿ ಮೇಸ್ತ್ರಿ ಯಂತ್ರದ ಹತ್ತಿರ ಹೋಗಲೇ ಇಲ್ಲ. ಮೊದಲು ಟೈರುಗಳ ಒಳಭಾಗವನ್ನು ಅಂಗೈಯಿಂದ ಸವರಿದರು. ಆಮೇಲೆ ರಿಮ್ಮಿನ ಒಳಗೆ ಟಾರ್ಚ್ ಹಾಕಿ ನೋಡಿ, ತೊಳೆದುಕೊಂಡು ಬನ್ನಿ ಎಂದರು. ಮಲೆನಾಡಿನ ಕೆಂಪು ಮಣ್ಣು ರಿಮ್ಮಿನ ಒಳಗೆ ಒಣಗಿ ಕೂತರೆ ಒಂದೇ ಕಡೆ ಭಾರವಾಗಿ 80–90 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ; ಜನ ಅದನ್ನೇ ಅಲೈನ್‌ಮೆಂಟ್ ಹಾಳಾಗಿದೆ ಎಂದು ತರುತ್ತಾರಂತೆ. ನಡುಕಕ್ಕೆ ಬ್ಯಾಲೆನ್ಸಿಂಗ್, ಎಳೆತಕ್ಕೆ ಅಲೈನ್‌ಮೆಂಟ್. ಎಳೆತಕ್ಕೂ ಕೆಲವೊಮ್ಮೆ ಟೈರೇ ಕಾರಣವಾಗಿರುತ್ತದೆ, ಮುಂದಿನ ಎರಡನ್ನು ಅದಲುಬದಲು ಮಾಡಿದಾಗ ಎಳೆತವೂ ದಿಕ್ಕು ಬದಲಿಸಿದರೆ ಅಲೈನ್‌ಮೆಂಟಿಗೆ ದುಡ್ಡು ಸುರಿಯುವುದು ದಂಡ. ಇಷ್ಟನ್ನು ಅವರು ಪಾಠ ಮಾಡುವ ಧಾಟಿಯಲ್ಲಿ ಹೇಳಲಿಲ್ಲ, ಗದರುವ ಧಾಟಿಯಲ್ಲಿ ಹೇಳಿದರು.

ತೊಳೆದು ತಂದ ಮೇಲೆ ಗಾಳಿ ಪರೀಕ್ಷೆ. ಆಮೇಲೆ ನನ್ನ ತೂಕ ಕೇಳಿ ಚಾಲಕನ ಸೀಟಿನ ಮೇಲೆ ಅಷ್ಟೇ ತೂಕದ ಮರಳು ಚೀಲಗಳನ್ನು ಇಟ್ಟರು. ಪೆಟ್ರೋಲ್ ತುಂಬಿಸಿಕೊಂಡು ಬರಲು ಫೋನಿನಲ್ಲೇ ಹೇಳಿದ್ದರು. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿದು ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಎಡಕ್ಕೂ ಬಲಕ್ಕೂ ಹೆಚ್ಚು ವ್ಯತ್ಯಾಸವಿದ್ದರೆ ಸ್ಪ್ರಿಂಗೋ, ತೋಳಿನ ಕೀಲಿನಲ್ಲಿರುವ ರಬ್ಬರಿನ ಬುಷ್ಷೋ ಹೋಗಿದೆ ಎಂದರ್ಥ, ಅದನ್ನು ಬಿಟ್ಟು ಕೋನ ತಿದ್ದಿ ಪ್ರಯೋಜನವಿಲ್ಲ. ಟೈ ರಾಡಿನ ತುದಿ, ಬಾಲ್ ಜಾಯಿಂಟ್ ಎಲ್ಲವನ್ನೂ ಅಲುಗಾಡಿಸಿ ನೋಡಿದ ಮೇಲೆಯೇ ಕಾರು ಲಿಫ್ಟ್ ಏರಿತು. ಅದಕ್ಕೂ ಇಳಿಜಾರಿಗೆ ಮೊದಲು ಉದ್ದನೆಯ ಹಲಗೆಗಳನ್ನು ಹಾಸಬೇಕಾಯಿತು; ಇಲ್ಲದಿದ್ದರೆ ಮುಂದಿನ ಬಂಪರಿನ ಗದ್ದ ರ‍್ಯಾಂಪಿಗೆ ಬಡಿಯುತ್ತಿತ್ತು. ಹಲಗೆಗಳು ಸಿದ್ಧವಾಗಿದ್ದವು, ಹುಡುಕಿ ತಂದವಲ್ಲ.

ಯಂತ್ರ ಈಗ ಎಲ್ಲ ಕಡೆ ಇರುವಂಥದ್ದೇ: ನಾಲ್ಕು ಚಕ್ರಗಳಿಗೆ ಗುರುತಿನ ಫಲಕ ಸಿಕ್ಕಿಸಿ ಕ್ಯಾಮೆರಾಗಳಿಂದ ನೋಡುವ 3ಡಿ ಯಂತ್ರ. ಫಲಕ ಹಿಡಿಯುವ ಕೊಕ್ಕೆಗಳಿಗೆ ಪ್ಲಾಸ್ಟಿಕ್ ಉಗುರುಗಳಿದ್ದವು, ರಿಮ್ಮಿಗೆ ಗೀರು ಬೀಳಲಿಲ್ಲ. ಕಾರನ್ನು ಹಿಂದಕ್ಕೆ ಮುಂದಕ್ಕೆ ತಳ್ಳಿ ಅಳತೆ ತೆಗೆದರು. ರಿಮ್ಮು ಕೊಂಚ ಸೊಟ್ಟಗಿದ್ದರೂ ಫಲಕ ಓರೆಯಾಗಿ ಕೂತಿದ್ದರೂ ಆ ತಪ್ಪು ಲೆಕ್ಕದಿಂದ ಕಳೆದುಹೋಗಲಿ ಎಂದು ಈ ತಳ್ಳಾಟ. ಥಿಯೋಡೊಲೈಟಿನಲ್ಲಿ ದೂರದರ್ಶಕವನ್ನು ಎಡಮುಖ, ಬಲಮುಖ ಎರಡೂ ಕಡೆ ತಿರುಗಿಸಿ ಓದಿ ಸರಾಸರಿ ತೆಗೆಯುತ್ತಿದ್ದ ನನಗೆ ಇದು ಸಮಾಧಾನ ತಂದಿತು. ನಿಜವಾಗಿ ಮೆಚ್ಚಿಕೊಂಡಿದ್ದು ಇದರ ನಂತರ. ಹಿಂದಿನ ಚಕ್ರಗಳ ಕೆಳಗಿನ ಜಾರುವ ತಟ್ಟೆಗಳ ಪಿನ್ನು ತೆಗೆದು, ಕಾರನ್ನು ಮುಂದೆ ಹಿಂದೆ ಒತ್ತಿ ಕುಲುಕಿ, ಇನ್ನೊಮ್ಮೆ ಅಳೆದರು. ಎರಡು ಓದುಗಳ ನಡುವೆ ಕೋನದಲ್ಲಿ ಒಂದೆರಡು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿಲ್ಲ ಎಂದು ಖಾತ್ರಿಯಾದ ಮೇಲೆಯೇ ಪಾನಾಕ್ಕೆ ಕೈ ಹಾಕಿದರು. ಹಸಿರು ಕೆಂಪು ಬಣ್ಣಗಳನ್ನು ಅವರು ನೋಡುವುದೇ ಇಲ್ಲ. ಪರದೆಯ ಪಕ್ಕದಲ್ಲಿ ಒಂದು ರಟ್ಟಿನ ಮೇಲೆ ತಮ್ಮದೇ ಗುರಿಯ ಅಂಕಿಗಳನ್ನು ಬರೆದುಕೊಂಡಿದ್ದರು, ನನ್ನನ್ನು ಕೇಳಿಯೇ: ಘಾಟಿಯಲ್ಲಿ ಓಡಿಸುವುದು ಹೆಚ್ಚೋ, ಬೆಂಗಳೂರು ಹೆದ್ದಾರಿಯೋ?

ಮೊದಲ ಅಳತೆಯಲ್ಲಿ ಹಿಂದಿನ ಎಡ ಚಕ್ರದ ಟೋ ಒಳಕ್ಕೆ 2 ನಿಮಿಷ, ಬಲ ಚಕ್ರದ್ದು ಹೊರಕ್ಕೆ 14 ನಿಮಿಷ. ಎರಡೂ ಮೂತಿಗಳು ಬಲಕ್ಕೇ. ಸರಾಸರಿ ತೆಗೆದರೆ ಹಿಂದಿನ ಆಕ್ಸಲ್ ಕಾರಿನ ನಡುಗೆರೆಯಿಂದ 8 ನಿಮಿಷ ಬಲಕ್ಕೆ ತಳ್ಳುತ್ತಿತ್ತು. ಹಿಂಭಾಗ ಬಲಕ್ಕೆ ಹೊರಟರೆ ಮೂಗು ಎಡಕ್ಕೆ ಹೋಗುತ್ತದೆ, ಅದನ್ನು ತಡೆಯಲು ನಾನು ಸ್ಟೀರಿಂಗನ್ನು ಬಲಕ್ಕೆ ಹಿಡಿದಿದ್ದೆ. ವಾಲಿದ ಸ್ಟೀರಿಂಗಿನ ಮೂಲ ಕಾರಿನ ಇನ್ನೊಂದು ತುದಿಯಲ್ಲಿತ್ತು. ಮುಂದಿನ ಟೋ ಮಾತ್ರ ತಿದ್ದಿ ಎಲ್ಲ ಹಸಿರು ಮಾಡುವ ಅಂಗಡಿಗಳಿಗೆ ಇದು ಎಂದೂ ಕಾಣುವುದಿಲ್ಲ.

ಹಿಂದಿನ ಕ್ಯಾಂಬರ್ ಮೊದಲು, ಆಮೇಲೆ ಹಿಂದಿನ ಟೋ, ಆಮೇಲೆ ಮುಂದಕ್ಕೆ. ಕ್ಯಾಂಬರ್ ಅಲುಗಿಸಿದರೆ ಟೋ ಕೂಡ ಅಲುಗುವುದರಿಂದ ಈ ಕ್ರಮ ತಪ್ಪಿಸುವಂತಿಲ್ಲ. ತಿದ್ದುವುದು ಕೇಂದ್ರ ತಪ್ಪಿಸಿದ ಬಿಲ್ಲೆಯಿರುವ, ತಿರುಗಿಸಿದರೆ ತೋಳನ್ನು ಸರಿಸುವ ಬೋಲ್ಟುಗಳಿಂದ, ಮಲೆನಾಡಿನ ಕಾರಿನ ದುರದೃಷ್ಟ ಇರುವುದೂ ಅಲ್ಲೇ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ, ಅಂಥ ನೀರಿನಲ್ಲಿ ಓಡಾಡುವ ಕಾರಿನ ಬೋಲ್ಟು ಬುಷ್ಷಿನೊಳಗಿನ ಉಕ್ಕಿನ ಕೊಳವೆಗೆ ತುಕ್ಕಿನಿಂದ ಅಂಟಿಕೊಂಡುಬಿಡುತ್ತದೆ. ಹಿಂದಿನ ಸಂಜೆಯೇ ಕಾರು ತಂದು ಬಿಡಿ ಎಂದು ಹೇಳಿ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಇಟ್ಟಿದ್ದರೂ ಬಲಗಡೆಯ ಒಂದು ಬೋಲ್ಟು ಜಪ್ಪಯ್ಯ ಎನ್ನಲಿಲ್ಲ. ಕೊಯ್ದು ತೆಗೆದು ಹೊಸದು ಹಾಕಿದರು. ಹೊಸ ಬೋಲ್ಟುಗಳನ್ನು ನಾನೇ ತರಿಸಿ ಕೊಟ್ಟಿದ್ದೆ. ಅದೂ ಅವರು ಫೋನಿನಲ್ಲಿ ಹೇಳಿದ್ದೇ.

ಮುಂದಿನ ಕ್ಯಾಂಬರಿಗೆ ಈ ಕಾರಿನಲ್ಲಿ ಬೇರೆ ತಿರುಪಿಲ್ಲ. ಎಂಜಿನ್ನಿನ ಕೆಳಗಿನ ಸಬ್‌ಫ್ರೇಮನ್ನು ಸಡಿಲಿಸಿ ಪಕ್ಕಕ್ಕೆ ಜರುಗಿಸಬೇಕು. ಎಡ ಚಕ್ರ −0°55′, ಬಲ ಚಕ್ರ −0°35′ ಇತ್ತು (ಋಣ ಚಿಹ್ನೆ ಎಂದರೆ ಚಕ್ರದ ತಲೆ ಒಳಕ್ಕೆ). ಜರುಗಿಸಿದ ಮೇಲೆ ಎರಡೂ −0°45′. ಒಂದರಿಂದ ತೆಗೆದದ್ದು ಇನ್ನೊಂದಕ್ಕೆ ಹೋಗುತ್ತದೆ, ಮೊತ್ತ ಬದಲಾಗುವುದಿಲ್ಲ. ಅಣ್ಣತಮ್ಮಂದಿರ ಪೋಡಿಯಲ್ಲೂ ಇಷ್ಟು ಚೊಕ್ಕವಾಗಿ ಲೆಕ್ಕ ಮುಗಿದದ್ದು ನನಗೆ ನೆನಪಿಲ್ಲ. ಮುಂದಿನ ಒಟ್ಟು ಟೋ ಒಳಕ್ಕೆ 10 ನಿಮಿಷಕ್ಕೆ ನಿಂತಿತು, 18 ಅಂಗುಲದ ರಿಮ್ಮಿನಲ್ಲಿ ಅದು ಸುಮಾರು 1.3 ಮಿ.ಮೀ. ಹಿಂದಿನ ಎರಡೂ ಚಕ್ರಗಳು ಒಳಕ್ಕೆ 8 ನಿಮಿಷ, ಕ್ಯಾಂಬರ್ ಎರಡೂ ಕಡೆ −1°40′. ಕ್ಯಾಂಬರನ್ನು ಇನ್ನೂ ಕಡಿಮೆ ಮಾಡಬಹುದಿತ್ತು. ತಿರುವಿನಲ್ಲಿ ಹಿಡಿತ ಬೇಕಲ್ಲವೇ, ಟೋ ಸರಿಯಾದ ಮೇಲೆ ಟೈರಿನ ಚಿಂತೆ ಬೇಡ ಎಂದು ಅಲ್ಲಿಗೇ ಬಿಟ್ಟರು. ನನಗೂ ಅದೇ ಬೇಕಿತ್ತು.

ಬಿಗಿಮಾಡುವಾಗಲೂ ಚಕ್ರಗಳು ತಟ್ಟೆಯ ಮೇಲೆ ಭಾರ ಹೊತ್ತೇ ಇದ್ದವು. ಚಕ್ರ ನೇತಾಡುತ್ತಿರುವಾಗ ತೋಳಿನ ಬೋಲ್ಟು ಬಿಗಿದರೆ ಬುಷ್ಷಿನ ರಬ್ಬರು ಕಾರು ಇಳಿದ ಕ್ಷಣದಿಂದಲೇ ತಿರುಚಿಕೊಂಡಿರುತ್ತದೆ, ಬೇಗ ಹರಿಯುತ್ತದೆ, ಎತ್ತರವೂ ಸುಳ್ಳು ಹೇಳುತ್ತದೆ. ಟಾರ್ಕ್ ಪಾನಾ ಬಳಸಿದರು. ಸಬ್‌ಫ್ರೇಮಿನ ಹೊಸ ಬೋಲ್ಟುಗಳಿಗೆ ಟಾರ್ಕ್ ಮುಟ್ಟಿದ ಮೇಲೆ ಕಾಲು ಸುತ್ತು ಹೆಚ್ಚು ಕೊಟ್ಟು ಬಣ್ಣದ ಗೆರೆ ಎಳೆದರು.

ನಡುವೆ ಕರೆಂಟು ಹೋಯಿತು. ಯುಪಿಎಸ್ ಕಂಪ್ಯೂಟರನ್ನು ಉಳಿಸಿತು, ಲಿಫ್ಟನ್ನು ಉಳಿಸಲಿಲ್ಲ. ಕಾರು ಗಾಳಿಯಲ್ಲಿ, ನಾವು ನೆಲದಲ್ಲಿ, ಊಟದ ಹೊತ್ತು.

ದೂರುಗಳೂ ಇವೆ. ಕೂರಲು ಜಾಗವಿಲ್ಲ, ಒಂದು ಹಳೆಯ ಲಾರಿ ಟೈರು ಇದೆ. ಸ್ಟೀರಿಂಗ್ ಕೋನದ ಸೆನ್ಸರಿಗೆ ಹೊಸ ಸೊನ್ನೆ ಎಲ್ಲಿದೆ ಎಂದು ತಿಳಿಸಬೇಕಾದ ಸ್ಕ್ಯಾನರ್ ಅವರಲ್ಲಿಲ್ಲ. ನನ್ನದೇ ಲ್ಯಾಪ್‌ಟಾಪ್ ಮತ್ತು ಕೇಬಲ್ಲಿನಿಂದ ಮಾಡಿಕೊಂಡೆ. ಜರ್ಮನ್ ಕಾರಿನವರು ಇದಕ್ಕೆ ವ್ಯವಸ್ಥೆ ಮಾಡಿಕೊಂಡೇ ಹೋಗಬೇಕು, ಇಲ್ಲದಿದ್ದರೆ ಸ್ಥಿರತೆ ನಿಯಂತ್ರಣದ ದೀಪ ಹತ್ತಿ ದಾರಿಯುದ್ದಕ್ಕೂ ಕಣ್ಣಿಗೆ ಹೊಡೆಯಬಹುದು. ಕೆಲಸ ಗೊತ್ತಿರುವವರು ಮೇಸ್ತ್ರಿ ಒಬ್ಬರೇ. ಅವರಿಲ್ಲದ ದಿನ ಹುಡುಗರು ಮುಂದಿನ ಟೋ ತಿದ್ದಿ ಕಳಿಸುತ್ತಾರೆ, ಅದಕ್ಕೆ ಸಾಗರ ರಸ್ತೆಯ ಯಾವ ಅಂಗಡಿಯಾದರೂ ಸಾಕು.

ಓಡಿಸಿ ನೋಡಲು ಸೋಗಾನೆಯ ವಿಮಾನ ನಿಲ್ದಾಣದ ಕಡೆಗೆ ಹೋದೆವು, ಮೇಸ್ತ್ರಿ ಪಕ್ಕದಲ್ಲಿ. ನಮ್ಮ ರಸ್ತೆಗಳು ನೀರು ಇಳಿಯಲೆಂದು ಅಂಚಿಗೆ ಇಳಿಜಾರಾಗಿರುತ್ತವೆ, ಎಡಬದಿಯಲ್ಲಿ ಓಡುವ ಕಾರು ತಾನಾಗಿ ತುಸು ಎಡಕ್ಕೆ ಸರಿಯುವುದು ಸಹಜ. ಸಮತಟ್ಟಾದ ಜಾಗ ಸಿಕ್ಕಿದರೆ ಮಾತ್ರ ತೀರ್ಪು. ಸ್ಟೀರಿಂಗ್ ನೇರ, ಕೈ ಬಿಟ್ಟರೂ ಗೆರೆ ಬಿಡಲಿಲ್ಲ. ಆ ವಾರವೇ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಇಳಿದು ಹತ್ತಿದೆ. ಮೊದಲು ಬಲ ತಿರುವಿಗೂ ಎಡ ತಿರುವಿಗೂ ಕಾರು ಬೇರೆ ಬೇರೆಯಾಗಿ ವರ್ತಿಸುತ್ತಿತ್ತು, ಈಗ ಎರಡಕ್ಕೂ ಒಂದೇ ಉತ್ತರ ಕೊಡುತ್ತದೆ.

ಬಿಲ್ಲು 4,200 ರೂಪಾಯಿ, ಬೋಲ್ಟುಗಳ ಬೆಲೆ ಬಿಟ್ಟು. ಸಾಮಾನ್ಯ ಅಲೈನ್‌ಮೆಂಟಿನ ಹಲವು ಪಟ್ಟು ಎಂದು ಮೂಗು ಮುರಿಯುವವರು ಈ ಅಳತೆಯ ಒಂದು ಟೈರಿನ ಬೆಲೆ ವಿಚಾರಿಸಿ ನೋಡಲಿ. ಕಾರ್ಡ್ ಇಲ್ಲ, ಯುಪಿಐ ನಡೆಯುತ್ತದೆ. ಭಾನುವಾರ ರಜೆ. ಫೋನ್ ಮಾಡಿದರೆ ಬೆಳಿಗ್ಗೆ ಒಂಬತ್ತರೊಳಗೆ ಮಾಡಬೇಕು, ಆಮೇಲೆ ಅವರು ಕಾರಿನ ಕೆಳಗೆ ಇರುತ್ತಾರೆ. ಹೊಸ ಸ್ಪ್ರಿಂಗು ಹಾಕಿಸಿದವರು ಕೆಲವು ವಾರ ಓಡಿಸಿ, ಅದು ಕೂತ ಮೇಲೆ ಹೋಗಿ. ಮೊದಲೇ ಹೋದರೆ ಅವರೇ ವಾಪಸು ಕಳಿಸುತ್ತಾರೆ.